ಸಣ್ಣ ಪ್ರಮಾಣದ ಸೌದೆ ಉತ್ಪಾದನೆ: ಸಲಕರಣೆ, ದಿನದ ಕೆಲಸ ಮತ್ತು ಸಾಗಣೆ

ಕೋಲಾರ, ಚಿಕ್ಕಬಳ್ಳಾಪುರ, ತುಮಕೂರು ಮುಂತಾದ ಬಯಲುಸೀಮೆಯ ಜಿಲ್ಲೆಗಳಲ್ಲಿ ಒಂದೆರಡು ಎಕರೆ ಜಮೀನಿನಲ್ಲಿ ಸರ್ವೆ (ಗಾಳಿ ಮರ) ಅಥವಾ ನೀಲಗಿರಿ ಬೆಳೆದಿರುವ ರೈತರನ್ನು ಕಾಣಬಹುದು. ನೀಲಗಿರಿಯನ್ನು ಹೊಸದಾಗಿ ನೆಡುವುದನ್ನು ರಾಜ್ಯ ಸರ್ಕಾರವು 2017ರಲ್ಲಿ ನಿಷೇಧಿಸಿದೆ. ಆದುದರಿಂದ ಈ ಲೇಖನದಲ್ಲಿ ಮುಖ್ಯವಾಗಿ ಸರ್ವೆಯನ್ನೇ ಗಮನದಲ್ಲಿಟ್ಟುಕೊಳ್ಳಲಾಗಿದೆ. ಮರ ನಾಲ್ಕೈದು ವರ್ಷದ್ದಾದಾಗ ಅನೇಕರು ಅದನ್ನು ನಿಂತ ನಿಲುವಿನಲ್ಲೇ, ಕಣ್ಣಂದಾಜಿನ ಮೇಲೆ, ಗುತ್ತಿಗೆದಾರನಿಗೆ ಕೊಟ್ಟುಬಿಡುತ್ತಾರೆ. ಗುತ್ತಿಗೆದಾರನು ದಿನನಿತ್ಯ ಮರ ನೋಡುವವನು. ರೈತನು ಐದು ವರ್ಷಕ್ಕೊಮ್ಮೆ ನೋಡುವವನು. ಅಂದಾಜಿನಲ್ಲಿ ಯಾರು ಗೆಲ್ಲುತ್ತಾರೆಂದು ಹೇಳಬೇಕಾಗಿಲ್ಲ.

2016ರಲ್ಲಿ ಉಜ್ವಲ ಯೋಜನೆ ಬಂದ ಮೇಲೆ ಹಳ್ಳಿಯ ಮನೆಗಳಿಗೂ ಅನಿಲ ಒಲೆ ತಲುಪಿತು. ಆದರೆ ಸೌದೆ ಕೊಳ್ಳುವವರು ಇಲ್ಲವಾಗಿಲ್ಲ. ಹೋಟೆಲು, ಕಲ್ಯಾಣ ಮಂಟಪ, ಬೇಕರಿ, ಇಟ್ಟಿಗೆ ಗೂಡು, ಹಾಗೂ ರಾಮನಗರ, ಶಿಡ್ಲಘಟ್ಟಗಳಂಥ ಊರುಗಳಲ್ಲಿ ರೇಷ್ಮೆಗೂಡು ಬೇಯಿಸಿ ನೂಲು ಬಿಚ್ಚುವವರು ಸೌದೆ ಕೊಳ್ಳುತ್ತಾರೆ. ಮನೆಯವರ ದುಡಿಮೆಯಿಂದಲೇ ಮರ ಕಡಿದು, ಸೀಳಿ, ಒಣಗಿಸಿ ಇಂಥವರಿಗೆ ನೇರವಾಗಿ ಕೊಡುವುದು ಸಾಧ್ಯ. ಲಾಭವಾಗುವುದೋ ಇಲ್ಲವೋ ಎಂಬುದು ಬಹುಮಟ್ಟಿಗೆ ಒಂದು ವಿಷಯವನ್ನು ಅವಲಂಬಿಸಿದೆ. ಅದು ಮರದೊಳಗಿನ ನೀರು.

ನೀರಿನ ಲೆಕ್ಕ

ಆಗತಾನೆ ಕಡಿದ ಮರದ ತೂಕದಲ್ಲಿ ಸುಮಾರು ಅರ್ಧದಷ್ಟು ನೀರಿರುತ್ತದೆ. ಗಟ್ಟಿ ಜಾತಿಯ ಮರಗಳಲ್ಲಿ ಸ್ವಲ್ಪ ಕಡಮೆ. ಲೆಕ್ಕಕ್ಕೆ ಅರ್ಧವೆಂದೇ ಇಟ್ಟುಕೊಳ್ಳೋಣ. ಹಾಗಿದ್ದರೆ 1,000 ಕಿ.ಗ್ರಾಂ ಹಸಿ ಸೌದೆಯಲ್ಲಿ 500 ಕಿ.ಗ್ರಾಂ ಮರ, 500 ಕಿ.ಗ್ರಾಂ ನೀರು. ಇದನ್ನು ತೇವಾಂಶ ಶೇಕಡ 20ಕ್ಕೆ ಇಳಿಯುವವರೆಗೆ ಗಾಳಿಯಲ್ಲಿ ಒಣಗಿಸಿದರೆ ಉಳಿಯುವ ತೂಕ 625 ಕಿ.ಗ್ರಾಂ ಮಾತ್ರ. 375 ಕಿ.ಗ್ರಾಂ ಆವಿಯಾಗಿ ಹೋಗುತ್ತದೆ. ತೂಕದ ಮೇಲೆ ಮಾರುವ ರೈತನಿಗೆ ಇದು ನಷ್ಟವೆಂದು ತೋರುವುದು ಸಹಜ.

ಆದರೆ ಕೊಳ್ಳುವವನಿಗೆ ಬೇಕಾದುದು ಶಾಖ. ಶೇಕಡ 50 ತೇವವಿರುವ ಒಂದು ಕಿ.ಗ್ರಾಂ ಸೌದೆಯಿಂದ ಸುಮಾರು 1,900 ಕಿಲೋ ಕ್ಯಾಲೊರಿ ಶಾಖ ದೊರೆತರೆ, ಶೇಕಡ 20 ತೇವವಿರುವ ಸೌದೆಯಿಂದ ಸುಮಾರು 3,400 ಕಿಲೋ ಕ್ಯಾಲೊರಿ ದೊರೆಯುತ್ತದೆ. ಹಸಿ ಸೌದೆ ಉರಿಯುವಾಗ ತನ್ನ ಶಾಖದ ಒಂದು ಪಾಲನ್ನು ತನ್ನೊಳಗಿನ ನೀರನ್ನು ಆವಿ ಮಾಡಲು ಖರ್ಚು ಮಾಡುತ್ತದೆ. ಹೊಗೆಯೂ ಹೆಚ್ಚು.

ಹಸಿ ಸೌದೆಗೆ ಕಿ.ಗ್ರಾಂಗೆ 3 ರೂಪಾಯಿ ಎಂದು ಉದಾಹರಣೆಗಾಗಿ ಹಿಡಿಯೋಣ (ಇದು ಪೇಟೆಯ ಧಾರಣೆಯಲ್ಲ). ಒಂದು ಟನ್ನಿಗೆ 3,000 ರೂ. ಬರುತ್ತದೆ. ಅದೇ ಹಣ 625 ಕಿ.ಗ್ರಾಂ ಒಣ ಸೌದೆಯಿಂದ ಬರಬೇಕಾದರೆ ಕಿ.ಗ್ರಾಂಗೆ 4 ರೂ. 80 ಪೈಸೆ ಸಿಗಬೇಕು. ಎಂದರೆ ಹಸಿಯ ದರದ 1.6 ಪಟ್ಟು. ಶಾಖದ ಲೆಕ್ಕದಲ್ಲಿ ಕೊಳ್ಳುವವನು 5 ರೂ. 35 ಪೈಸೆಯವರೆಗೆ ಕೊಟ್ಟರೂ ಅವನಿಗೆ ನಷ್ಟವಿಲ್ಲ. ಈ ಎರಡು ದರಗಳ ನಡುವೆ ಎಲ್ಲಿ ವ್ಯಾಪಾರ ಕುದುರಿದರೂ ಇಬ್ಬರಿಗೂ ಅನುಕೂಲ. ಒಣಗಿಸುವ ಕೂಲಿ, ಕಾಯುವ ಎರಡು ಮೂರು ತಿಂಗಳು ಇವನ್ನು ಲೆಕ್ಕ ಹಾಕಿದರೆ ಮೇಲಿನ ದರದ ಕಡೆಗೇ ಎಳೆಯಬೇಕಾಗುತ್ತದೆ.

ಹಸಿ ಒಣ ಎಂದು ನೋಡದೆ ಒಂದೇ ದರ ಕೊಡುವ ಡಿಪೋಗೆ ಮಾರುವುದಾದರೆ ಒಣಗಿಸಬೇಡಿ. ಕಡಿದ ದಿನವೇ ತೂಗಿಸಿ ಕೊಟ್ಟುಬಿಡಿ. ಒಣಗಿಸುವ ಶ್ರಮ ಸಾರ್ಥಕವಾಗುವುದು ಒಣ ಸೌದೆಯ ಬೆಲೆ ತಿಳಿದ ಗಿರಾಕಿಯಿದ್ದಾಗ ಮಾತ್ರ. ಹೋಟೆಲಿನವರೂ ರೇಷ್ಮೆ ಬಿಚ್ಚುವವರೂ ಅದನ್ನು ಬಲ್ಲರು. ಒಲೆ ಹೊಗೆಯಾಡಿದರೆ ತೊಂದರೆಪಡುವವರು ಅವರೇ ಅಲ್ಲವೆ! ಮರ ಕಡಿಯುವುದಕ್ಕೆ ಮುಂಚೆಯೇ ಗಿರಾಕಿಯನ್ನು ಗೊತ್ತುಮಾಡಿಕೊಂಡು, ಅವನ ಒಲೆಯ ಬಾಯಿ ಎಷ್ಟು ಅಗಲ, ತುಂಡು ಎಷ್ಟು ಉದ್ದವಿರಬೇಕು ಎಂದು ಕೇಳಿಕೊಳ್ಳುವುದು ಉತ್ತಮ.

ಸಲಕರಣೆಗಳು

ಎರಡು ಕೊಡಲಿಗಳು ಬೇಕು. ಕಡಿಯುವ ಕೊಡಲಿಯ ಬಾಯಿ ತೆಳುವಾಗಿರಬೇಕು. ಸೀಳುವ ಕೊಡಲಿ ಬೆಣೆಯಂತೆ ದಪ್ಪನಾಗಿದ್ದು ತೂಕವಾಗಿರಬೇಕು. ಒಂದೇ ಕೊಡಲಿಯಿಂದ ಎರಡು ಕೆಲಸವನ್ನೂ ಮಾಡಿಸಿದರೆ ಎರಡೂ ಕೆಡುತ್ತವೆ. ಕಾವು ಸಡಿಲವಾದ ಕೊಡಲಿಯನ್ನು ನೀರಿನಲ್ಲಿ ನೆನೆಹಾಕಿ ಬಿಗಿಮಾಡುವ ರೂಢಿಯಿದೆ. ಒಣಗಿದ ಕೂಡಲೇ ಅದು ಮತ್ತೆ ಸಡಿಲವಾಗುತ್ತದೆ. ಕಾವಿನ ತಲೆಗೆ ಹೊಸ ಬೆಣೆ ಹೊಡೆಯುವುದೇ ಸರಿ. ಇವುಗಳ ಜೊತೆಗೆ ರಂಬೆ ಸವರಲು ಮಚ್ಚು, ಗಂಟು ಮರ ಸೀಳಲು ಎರಡು ಉಕ್ಕಿನ ಬೆಣೆ, ಒಂದು ಸಮ್ಮಟಿಗೆ, ದಿಮ್ಮಿ ಉರುಳಿಸಲು ಹಾರೆ, ಹಗ್ಗ, ಅರ ಮತ್ತು ತೂಗುಹಾಕುವ ತಕ್ಕಡಿ ಇದ್ದರೆ ಸಾಕು.

ಇಬ್ಬರು ಎಳೆಯುವ ಗರಗಸದ ಜಾಗಕ್ಕೆ ಈಗ ಪೆಟ್ರೋಲ್ ಚೈನ್ ಗರಗಸ ಬಂದಿದೆ. ಕೆಲಸ ಬೇಗ ಆಗುವುದು ನಿಜ. ಅಪಾಯವೂ ಅಷ್ಟೇ ಬೇಗ ಬರುತ್ತದೆ. ಪೆಟ್ರೋಲಿಗೆ ಬೆರೆಸುವ ಎಣ್ಣೆಯ ಪ್ರಮಾಣವನ್ನು ಯಂತ್ರದ ಕೈಪಿಡಿ ನೋಡಿಯೇ ನಿರ್ಧರಿಸಬೇಕು. 50ಕ್ಕೆ 1 ಎಂದಿದ್ದರೆ ಲೀಟರ್ ಪೆಟ್ರೋಲಿಗೆ 20 ಮಿ.ಲೀ. ಎಣ್ಣೆ. ಸರಪಳಿಗೆ ಹಾಕುವ ಎಣ್ಣೆ ಬೇರೆ. ಹಲ್ಲು ಹರಿತವಾಗಿದ್ದರೆ ಗರಗಸವು ಚಕ್ಕೆಯನ್ನು ಉಗುಳುತ್ತದೆ. ಮೊಂಡಾಗಿದ್ದರೆ ಹಿಟ್ಟಿನಂಥ ಪುಡಿ ಬರುತ್ತದೆ. ಪುಡಿ ಕಂಡೊಡನೆ ನಿಲ್ಲಿಸಿ ಅರ ಹಿಡಿಯಬೇಕು. ಸರಪಳಿ ಓಡುವ ಪಟ್ಟಿಯ ತುದಿಯ ಮೇಲ್ಭಾಗ ಮರಕ್ಕೆ ತಗುಲಿದರೆ ಗರಗಸ ಕಣ್ಣು ಮಿಟುಕಿಸುವಷ್ಟರಲ್ಲಿ ಹಿಡಿದವನ ಮುಖದ ಕಡೆಗೆ ಒದೆಯುತ್ತದೆ. ಆ ತುದಿಯಿಂದ ಎಂದೂ ಕೊಯ್ಯಬಾರದು. ಗರಗಸವನ್ನು ಭುಜದ ಮಟ್ಟಕ್ಕಿಂತ ಮೇಲೆ ಎತ್ತಬಾರದು. ಪಂಚೆ ಉಟ್ಟು, ಬರಿಗಾಲಿನಲ್ಲಿ ಈ ಯಂತ್ರ ಹಿಡಿಯುವುದನ್ನು ಅಲ್ಲಲ್ಲಿ ಕಾಣುತ್ತೇವೆ; ಇದನ್ನು ಕೂಡದೆಂದೇ ಹೇಳಬೇಕು. ಗಟ್ಟಿ ಬೂಟು, ಕಣ್ಣಿಗೆ ಕನ್ನಡಕ, ತಲೆಗೆ ಹೆಲ್ಮೆಟ್, ಕಾಲಿಗೆ ಅಂಟಿಕೊಂಡಂತಿರುವ ಷರಾಯಿ ಬೇಕು.

ದಿನದ ಕೆಲಸ

ಗಾಳಿ ಏಳುವ ಮುಂಚೆ, ಬೆಳಗಿನ ತಂಪಿನಲ್ಲೇ ಮರ ಬೀಳಿಸುವುದು ಒಳ್ಳೆಯದು. ಮರ ಬೀಳಬೇಕಾದ ಪಕ್ಕದಲ್ಲಿ ಕಾಂಡದ ದಪ್ಪದ ಕಾಲು ಭಾಗದಷ್ಟು ಆಳಕ್ಕೆ ಕಚ್ಚು ಹಾಕಬೇಕು. ಅನಂತರ ಹಿಂಬದಿಯಿಂದ, ಕಚ್ಚಿಗಿಂತ ಸ್ವಲ್ಪ ಮೇಲಕ್ಕೆ ಕೊಯ್ಯಬೇಕು. ನಡುವೆ ದಪ್ಪದ ಹತ್ತನೆಯ ಒಂದು ಭಾಗವನ್ನು ಕೊಯ್ಯದೆ ಬಿಡಬೇಕು. ಬಾಗಿಲಿಗೆ ಕೀಲಿದ್ದಂತೆ, ಈ ಭಾಗವೇ ಮರವನ್ನು ಗೊತ್ತಾದ ದಿಕ್ಕಿಗೆ ಬಾಗಿಸುತ್ತದೆ. ಬೇರೆಯವರು ಮರದ ಎತ್ತರದ ಎರಡರಷ್ಟು ದೂರದಲ್ಲಿರಬೇಕು.

ಸರ್ವೆ ತೋಪಿನಲ್ಲಿ ಮರಗಳು ಒತ್ತಾಗಿರುವುದರಿಂದ ಕಡಿದ ಮರ ನೆಲಕ್ಕೆ ಬೀಳದೆ ಪಕ್ಕದ ಮರಕ್ಕೆ ಒರಗಿ ನಿಲ್ಲುವುದುಂಟು. ಅದರ ಕೆಳಗೆ ಹೋಗುವುದಾಗಲಿ, ಆಸರೆಯಾದ ಮರವನ್ನು ಕಡಿಯುವುದಾಗಲಿ ಜೀವಕ್ಕೆ ಅಪಾಯ. ಬುಡಕ್ಕೆ ಹಗ್ಗ ಕಟ್ಟಿ ದೂರದಿಂದ ಎಳೆಯಬೇಕು. ತೋಪಿನ ಅಂಚಿನಿಂದ, ಬಯಲಿನ ಕಡೆಗೆ ಬೀಳುವಂತೆ ಸಾಲುಸಾಲಾಗಿ ಕಡಿಯುತ್ತಾ ಬಂದರೆ ಈ ತೊಡಕು ಕಡಮೆಯಾಗುತ್ತದೆ.

ಬೀಳಿಸಿದ ಮರವನ್ನು ಅಂದೇ ತುಂಡು ಮಾಡಿ, ನಾಲ್ಕು ಅಂಗುಲಕ್ಕಿಂತ ದಪ್ಪನಾದುದನ್ನೆಲ್ಲ ಒಂದೆರಡು ದಿನದೊಳಗೆ ಸೀಳಬೇಕು. ಸರ್ವೆ ಹಸಿಯಾಗಿದ್ದಾಗ ಸೀಳಲು ಸುಲಭ. ಒಣಗಿದ ಮೇಲೆ ಕೊಡಲಿಯೇ ಹಿಂದಕ್ಕೆ ಪುಟಿಯುತ್ತದೆ. ಇದಲ್ಲದೆ ತೊಗಟೆಯು ನೀರನ್ನು ಹೊರಗೆ ಬಿಡುವುದಿಲ್ಲ. ಸೀಳಿದಾಗಲೇ ಒಳಮರಕ್ಕೆ ಗಾಳಿ ತಗಲುವುದು. ಸಂಜೆ ಕತ್ತಲಾಗುವ ಮುನ್ನ ಅರ್ಧ ಗಂಟೆ ಕೊಡಲಿ, ಗರಗಸ ಮಸೆಯುವುದಕ್ಕೆ ಮೀಸಲಿಟ್ಟರೆ ಮರುದಿನ ಬೆಳಗಿನ ಹೊತ್ತು ವ್ಯರ್ಥವಾಗುವುದಿಲ್ಲ. ಉದುರಿದ ದರುಗನ್ನು ಸುಡದೆ ಜಮೀನಿನಲ್ಲೇ ಬಿಡಿ.

ಪೇರಿಸಿ ಒಣಗಿಸುವುದು

ನೆಲದ ಮೇಲೆ ರಾಶಿ ಹಾಕಿದ ಸೌದೆ ಅಡಿಯಲ್ಲಿ ಗೆದ್ದಲಿಗೆ ಆಹಾರವಾಗುತ್ತದೆ, ನಡುವೆ ಬೂಷ್ಟು ಹಿಡಿಯುತ್ತದೆ. ಅರ್ಧ ಅಡಿ ಎತ್ತರದ ಕಲ್ಲುಗಳ ಮೇಲೆ ಎರಡು ಉದ್ದನೆಯ ಗಳುಗಳನ್ನಿಟ್ಟು, ಅವುಗಳ ಮೇಲೆ ಒಂದೇ ಸಾಲಿನಲ್ಲಿ ಪೇರಿಸಬೇಕು. ಸಾಲಿನ ಎರಡು ತುದಿಗಳಲ್ಲಿ ತುಂಡುಗಳನ್ನು ಅಡ್ಡ ಉದ್ದ ಜೋಡಿಸಿದರೆ ಗೂಟವಿಲ್ಲದೆ ನಿಲ್ಲುತ್ತದೆ. ಎದೆಮಟ್ಟಕ್ಕಿಂತ ಎತ್ತರ ಬೇಡ. ಮಳೆ ಬಂದರೆ ಮೇಲ್ಭಾಗವನ್ನು ಮಾತ್ರ ಮುಚ್ಚಬೇಕು. ಸುತ್ತಲೂ ಪ್ಲಾಸ್ಟಿಕ್ ಹೊದಿಸಿದರೆ ಒಳಗೆ ಬೆವರಿ ಸೌದೆ ಕೊಳೆಯುತ್ತದೆ. ಬಯಲುಸೀಮೆಯಲ್ಲಿ ಜನವರಿ, ಫೆಬ್ರವರಿಯಲ್ಲಿ ಕಡಿದು ಸೀಳಿದ ಸೌದೆ ಮುಂಗಾರಿನ ಹೊತ್ತಿಗೆ ಒಣಗಿರುತ್ತದೆ.

ಒಣಗಿದೆಯೆ ಎಂದು ತಿಳಿಯಲು ಸುಲಭ ಉಪಾಯವಿದೆ. ಸಾಲಿನ ಬೇರೆ ಬೇರೆ ಜಾಗದಿಂದ ಐದು ತುಂಡು ಆರಿಸಿ, ಬಣ್ಣದ ಗುರುತು ಹಾಕಿ, ವಾರಕ್ಕೊಮ್ಮೆ ತೂಗಿ ಬರೆದಿಡಿ. ಎರಡು ವಾರ ತೂಕ ಇಳಿಯದಿದ್ದರೆ ಒಣಗಿದೆಯೆಂದು ಅರ್ಥ. ಈ ಚೀಟಿಯನ್ನು ಗಿರಾಕಿಗೆ ತೋರಿಸಿದರೆ ದರದ ಮಾತು ಸುಲಭವಾಗುತ್ತದೆ.

ವಾಹನ

ತೋಪಿನಿಂದ ರಸ್ತೆಗೆ ಎತ್ತಿನ ಗಾಡಿ ಅಥವಾ ಟ್ರ್ಯಾಕ್ಟರ್ ಟ್ರೈಲರ್, ಅಲ್ಲಿಂದ ಪೇಟೆಗೆ ಬಾಡಿಗೆಯ ಸಣ್ಣ ಟ್ರಕ್ಕು, ಇದು ಸಾಮಾನ್ಯ ಕ್ರಮ. ಕೃಷಿ ಉಪಯೋಗಕ್ಕೆಂದು ನೋಂದಣಿಯಾದ ಟ್ರ್ಯಾಕ್ಟರಿನಲ್ಲಿ ಬಾಡಿಗೆಗೆ ಪರರ ಸರಕು ಸಾಗಿಸಿ ಅಪಘಾತವಾದರೆ ವಿಮೆಯ ಹಣಕ್ಕೆ ತಕರಾರು ಬರಬಹುದು.

ಟ್ರಕ್ಕನ್ನೇ ಕೊಂಡುಬಿಡೋಣವೆಂಬ ಆಸೆ ಬರುವುದುಂಟು. 30 ಟನ್ ಸೌದೆಯಿದೆ, ವಾಹನದ ಭಾರಮಿತಿ 750 ಕಿ.ಗ್ರಾಂ ಎಂದಾದರೆ 40 ಸಲ ಹೋಗಿಬಂದರೆ ಕೆಲಸ ಮುಗಿಯಿತು. 40 ಸಲದ ಕೆಲಸಕ್ಕಾಗಿ ವರ್ಷವಿಡೀ ಕಂತು, ವಿಮೆ, ದುರಸ್ತಿಯ ಖರ್ಚು ಹೊರುವುದು ವಿವೇಕವಲ್ಲ. ನಾಲ್ಕಾರು ಜನ ರೈತರ ಸೌದೆ ಸಾಗಿಸುವಷ್ಟು ಕೆಲಸವಿದ್ದರೆ ಮಾತು ಬೇರೆ.

ಸಣ್ಣ ಟ್ರಕ್ಕಿನ ತೊಟ್ಟಿ ಸುಮಾರು 7 ಅಡಿ ಉದ್ದ, 4 ಅಡಿ 8 ಅಂಗುಲ ಅಗಲವಿರುತ್ತದೆ. ಹಸಿ ಸರ್ವೆಯನ್ನು ಒತ್ತಾಗಿ ಪೇರಿಸಿದರೆ ಒಂದೂಕಾಲು ಅಡಿ ಎತ್ತರಕ್ಕೇ 750 ಕಿ.ಗ್ರಾಂ ಆಗಿಬಿಡುತ್ತದೆ. ಚಾಲಕನ ತಲೆಯ ಮಟ್ಟಕ್ಕೆ ತುಂಬಿಸಿಕೊಂಡು ಹೋಗುವ ಗಾಡಿಗಳಲ್ಲಿ ಎಷ್ಟಿರಬಹುದೆಂದು ಓದುಗರೇ ಊಹಿಸಬಹುದು. ಬ್ರೇಕು ಹಿಡಿಯುವುದಿಲ್ಲ, ಟೈರು ಸಿಡಿಯುತ್ತದೆ. 2019ರ ತಿದ್ದುಪಡಿಯಾದ ಮೋಟಾರು ವಾಹನ ಕಾಯಿದೆಯಲ್ಲಿ ಮಿತಿ ಮೀರಿದ ಭಾರಕ್ಕೆ 20,000 ರೂ. ದಂಡ, ಹೆಚ್ಚಿನ ಪ್ರತಿ ಟನ್ನಿಗೆ 2,000 ರೂ. ಎಂದು ಹೇಳಿದೆ. ನೀರಿನ ಲೆಕ್ಕ ಇಲ್ಲಿಯೂ ಬರುತ್ತದೆ. ಹಸಿ ಸೌದೆಯ 750 ಕಿ.ಗ್ರಾಂ ಹೊರೆಯಲ್ಲಿ 375 ಕಿ.ಗ್ರಾಂ ನೀರು, ಒಣ ಸೌದೆಯಲ್ಲಿ 150 ಮಾತ್ರ. ಅದೇ ಬಾಡಿಗೆಗೆ ಹೆಚ್ಚು ಶಾಖ ಪೇಟೆ ಸೇರುತ್ತದೆ.

ದಪ್ಪ ತುಂಡುಗಳು ಅಡಿಗೆ, ಸಣ್ಣವು ಮೇಲಕ್ಕೆ. ಹಗ್ಗ ಎರಡು ಕಡೆ ಬಿಗಿಯಬೇಕು. ಹೊರೆಯ ಮೇಲೆ ಕೂಲಿಯಾಳುಗಳನ್ನು ಕೂರಿಸಬಾರದು. ವೇಬ್ರಿಡ್ಜಿನಲ್ಲಿ ಖಾಲಿ ತೂಕವನ್ನೂ ತುಂಬಿದ ತೂಕವನ್ನೂ ಅಂದೇ, ಎದುರಿಗೆ ನಿಂತು ಹಾಕಿಸಿ. ಎರಡು ಸಲವೂ ಚಾಲಕ ಒಳಗಿರಬೇಕು, ಇಲ್ಲವೆ ಎರಡು ಸಲವೂ ಹೊರಗಿರಬೇಕು. ಹಳೆಯ ಚೀಟಿಯ ಖಾಲಿ ತೂಕವನ್ನು ಒಪ್ಪಬೇಡಿ.

ಪರವಾನಗಿ

ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯಿದೆ, 1976ರ ಪ್ರಕಾರ ಸ್ವಂತ ಜಮೀನಿನ ಮರ ಕಡಿಯಲೂ ವೃಕ್ಷಾಧಿಕಾರಿಯ ಅನುಮತಿ ಬೇಕು. ಸರ್ವೆ, ನೀಲಗಿರಿ, ಸುಬಾಬುಲ್, ಸಿಲ್ವರ್ ಓಕ್, ಗ್ಲಿರಿಸಿಡಿಯ ಮುಂತಾದ ಕೆಲವು ಜಾತಿಗಳಿಗೆ ವಿನಾಯಿತಿ ಇದೆ. ಬೇವು, ಹುಣಸೆ, ಹೊಂಗೆ ಮುಂತಾದವು ಬದುವಿನಲ್ಲಿದ್ದರೆ ಅವುಗಳನ್ನು ಸರ್ವೆಯ ಜೊತೆಗೆ ಸೇರಿಸಿ ಕಡಿದು ಸಾಗಿಸಬೇಡಿ. ಒಂದು ತುಂಡು ಸಿಕ್ಕರೂ ಇಡೀ ಗಾಡಿ ತಡೆಹಿಡಿಯಲ್ಪಡಬಹುದು. ಸಾಗಣೆಗೆ ರಹದಾರಿ ಬೇಕೇ ಎಂಬುದನ್ನು ವಲಯ ಅರಣ್ಯಾಧಿಕಾರಿಯ ಕಚೇರಿಯಲ್ಲಿ ಕಡಿಯುವ ಮುಂಚೆಯೇ ವಿಚಾರಿಸಿ, ಪಹಣಿಯ ಪ್ರತಿಯನ್ನು ಚಾಲಕನ ಕೈಯಲ್ಲಿ ಕೊಟ್ಟು ಕಳುಹಿಸಿ.