ಅವಳಿ: ಯಾರ ಮನೆಯ ಬಳುವಳಿ?

ಜೋಡಿ ಬಾಳೆಹಣ್ಣು ತಿಂದರೆ ಅವಳಿ ಮಕ್ಕಳಾಗುತ್ತವೆ ಎಂದು ಹೆಣ್ಣುಮಕ್ಕಳ ಕೈಯಿಂದ ಅದನ್ನು ಕಸಿದುಕೊಳ್ಳುತ್ತಿದ್ದ ಅಜ್ಜಿಯರನ್ನು ನೆನೆದು ನಾವಿಂದು ನಗುತ್ತೇವೆ. ಆದರೆ ಸೊಸೆ ಅವಳಿ ಹೆತ್ತೊಡನೆ ‘ಇದು ನಮ್ಮ ವಂಶದಲ್ಲೇ ಇದೆ, ಹುಡುಗನ ತಾತನೂ ಅವಳಿಯೇ’ ಎಂದು ಗಂಡಿನ ಮನೆಯವರು ಬೀಗುವಾಗ ಓದಿದವರೂ ತಲೆದೂಗುತ್ತಾರೆ. ನಂಬಿಕೆ ಹಳೆಯದು. ಮಾದ್ರಿ ಅವಳಿ ಪುತ್ರರನ್ನು ಪಡೆದದ್ದು ಸ್ವತಃ ಅವಳಿಗಳಾದ ಅಶ್ವಿನೀ ದೇವತೆಗಳಿಂದ ಎನ್ನುತ್ತದೆ ಮಹಾಭಾರತ. ತಳಿವಿಜ್ಞಾನ ಮಾತ್ರ ಹೆಣ್ಣಿನ ತವರಿನತ್ತ ಬೆರಳು ತೋರುತ್ತದೆ.

ಅವಳಿಗಳಲ್ಲಿ ಎರಡು ಬಗೆ. ಫಲಿತಗೊಂಡ ಒಂದೇ ಅಂಡಾಣು ಮುಂದೆ ಎರಡಾಗಿ ಒಡೆದರೆ ತದ್ರೂಪಿ ಅವಳಿಗಳು. ಜಗತ್ತಿನ ಎಲ್ಲೆಡೆ ಇವರ ಪ್ರಮಾಣ ಹೆಚ್ಚುಕಡಿಮೆ ಒಂದೇ: 1000 ಹೆರಿಗೆಗಳಿಗೆ ಸುಮಾರು 4. ಇದರಲ್ಲಿ ವಂಶದ ಪಾತ್ರ ತೀರಾ ಅಲ್ಪ. ಎರಡನೆಯ ಬಗೆಯಲ್ಲಿ ಒಂದೇ ತಿಂಗಳಲ್ಲಿ ಎರಡು ಅಂಡಾಣುಗಳು ಬಿಡುಗಡೆಯಾಗಿ ಎರಡು ಬೇರೆ ವೀರ್ಯಾಣುಗಳೊಡನೆ ಕೂಡುತ್ತವೆ. ಈ ಮಕ್ಕಳು ಒಂದೇ ಸಮಯದಲ್ಲಿ ಗರ್ಭವನ್ನು ಹಂಚಿಕೊಂಡ ಒಡಹುಟ್ಟಿದವರು, ಅಷ್ಟೆ. ಕುಟುಂಬದಲ್ಲಿ ಹರಿದುಬರುವುದು ಈ ಬಗೆ.

ಅಂಡಾಣು ಬಿಡುಗಡೆಯಾಗುವುದು ಹೆಣ್ಣಿನ ದೇಹದಲ್ಲಿ. ಆದ್ದರಿಂದ ಲೆಕ್ಕಕ್ಕೆ ಬರುವುದು ಅವಳ ವಂಶವಾಹಿಗಳೇ. ತಾಯಿಯೋ ಅಕ್ಕತಂಗಿಯರೋ ಇಂಥ ಅವಳಿಗಳನ್ನು ಹೆತ್ತಿದ್ದರೆ ಅವಳ ಸಂಭವ ಸುಮಾರು ಇಮ್ಮಡಿಯಾಗುತ್ತದೆ. ಗಂಡಸು ಆ ಗುಣವನ್ನು ಹೊತ್ತಿದ್ದರೂ ಅದು ಅವನ ಹೆಂಡತಿಯ ಅಂಡಾಶಯವನ್ನು ಮುಟ್ಟದು. ಮಗಳಿಗೆ ದಾಟಿ, ಅವಳ ಹೆರಿಗೆಯಲ್ಲಿ ತಲೆಯೆತ್ತೀತು. ‘ಒಂದು ತಲೆಮಾರು ಬಿಟ್ಟು ಅವಳಿ’ ಎಂಬ ಮಾತು ಹುಟ್ಟಿದ್ದು ಬಹುಶಃ ಇಲ್ಲಿಂದಲೇ. ತಾತನ ಹೆಸರು ಹೇಳುವವರು ಸೊಸೆಯ ತಾತನನ್ನು ವಿಚಾರಿಸಿದ್ದರೆ ಅರ್ಥವಿತ್ತು.

2016ರಲ್ಲಿ ಹಲವು ದೇಶಗಳ ವಿಜ್ಞಾನಿಗಳು ಕೂಡಿ ನಡೆಸಿದ ಅಧ್ಯಯನವೊಂದು ಇಂಥ ಎರಡು ವಂಶವಾಹಿಗಳನ್ನು ಗುರುತಿಸಿತು. ಎಫ್‌ಎಸ್‌ಎಚ್‌ಬಿ ಎಂಬುದು ಅಂಡಾಣುವನ್ನು ಬೆಳೆಸುವ ಹಾರ್ಮೋನಿಗೆ ಸಂಬಂಧಿಸಿದ್ದು. ಸ್ಮ್ಯಾಡ್3 ಆ ಹಾರ್ಮೋನಿಗೆ ಅಂಡಾಶಯ ಸ್ಪಂದಿಸುವ ಬಗೆಗೆ. ಇವುಗಳ ನಿರ್ದಿಷ್ಟ ರೂಪಾಂತರಗಳು ಅವಳಿ ಹೆರಿಗೆಯ ಸಂಭವವನ್ನು ಕ್ರಮವಾಗಿ ಶೇ 18 ಮತ್ತು ಶೇ 9ರಷ್ಟು ಏರಿಸುತ್ತವೆ. ಎಂದರೆ, 1000ಕ್ಕೆ 10 ಇದ್ದದ್ದು 12ರ ಸಮೀಪ ಬಂದೀತು. ‘ಅವಳಿ ಜೀನ್’ ಎಂದು ಕೂಗುವಷ್ಟು ದೊಡ್ಡ ಸಂಗತಿಯಲ್ಲ. ನೈಜೀರಿಯದ ಯೊರುಬಾ ಜನರಲ್ಲಿ ಅವಳಿಗಳೇಕೆ ಅಷ್ಟು ಹೆಚ್ಚು, ಕೇರಳದ ಮಲಪ್ಪುರಂ ಜಿಲ್ಲೆಯ ಕೊಡಿಞ್ಞಿ ಗ್ರಾಮದಲ್ಲೇಕೆ ಮನೆಮನೆಯಲ್ಲೂ ಎಂಬಂತೆ ಅವಳಿಗಳು ಎಂಬುದಕ್ಕೆ ಇವೆರಡೇ ಉತ್ತರವಾಗಲಾರವು.

ವಂಶಕ್ಕಿಂತ ವಯಸ್ಸು ಮತ್ತು ಚಿಕಿತ್ಸೆಗಳ ಕೈ ಮೇಲಾಗುತ್ತಿರುವುದು ಇಂದಿನ ವಾಸ್ತವ. ಮೂವತ್ತೈದರ ಆಸುಪಾಸಿನಲ್ಲಿ ಆ ಹಾರ್ಮೋನು ಏರುವುದರಿಂದ ಜೋಡಿ ಅಂಡಾಣುಗಳ ಸಂಭವವೂ ಏರುತ್ತದೆ. ಅದರ ಮೇಲೆ ಬಂಜೆತನದ ಚಿಕಿತ್ಸೆ. 1980ರ ದಶಕದಲ್ಲಿ ಜಗತ್ತಿನಲ್ಲಿ 1000 ಹೆರಿಗೆಗಳಿಗೆ ಸುಮಾರು 9 ಇದ್ದ ಅವಳಿ ಹೆರಿಗೆ ಮೂರು ದಶಕಗಳಲ್ಲಿ 12ಕ್ಕೆ ಮುಟ್ಟಿತು.

‘ಒಂದೇ ಸಲಕ್ಕೆ ಎರಡೂ ಆಗಿಹೋಗಲಿ’ ಎನ್ನುವ ದಂಪತಿಗಳುಂಟು. ಅವಳಿ ಬಸುರಿನಲ್ಲಿ ರಕ್ತಹೀನತೆ, ರಕ್ತದೊತ್ತಡ, ಅವಧಿಪೂರ್ವ ಹೆರಿಗೆಯ ಅಪಾಯ ಹೆಚ್ಚೆಂಬುದನ್ನು ಅವರಿಗೆ ಮೊದಲೇ ತಿಳಿಸಬೇಕಾಗುತ್ತದೆ. ಬಸುರಿಯನ್ನು ಮೊದಲ ಬಾರಿ ಪರೀಕ್ಷಿಸುವ ವೈದ್ಯೆ ‘ಮನೆಯಲ್ಲಿ ಅವಳಿಗಳಿದ್ದಾರೆಯೇ?’ ಎಂದು ಕೇಳಿದಾಗ, ಪಕ್ಕದಲ್ಲಿ ಕುಳಿತ ಅತ್ತೆಗಿಂತ ಊರಿನಲ್ಲಿರುವ ಅಮ್ಮನಿಗೆ ಫೋನ್ ಮಾಡಿ ಉತ್ತರಿಸುವುದು ಲೇಸು.