ಲಾರಿಯ ನೀರು ಎಲ್ಲಿ ಸೋರುತ್ತಿದೆ?

ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ ಕಡೆ ಹೊಗೆಸೊಪ್ಪು ಹೊತ್ತ ಹಳೆಯ ಲಾರಿ ಆವಿಯುಗುಳುತ್ತ ರಸ್ತೆಬದಿಯಲ್ಲಿ ನಿಂತದ್ದನ್ನು ನೀವು ನೋಡಿರಬಹುದು. ನೀರು ತುಂಬಿಸಿದರೆ ಸಾಕೇ? ಸಾಲದು. ಸೋರಿಕೆಯಿಂದ ನೀರಷ್ಟೇ ಅಲ್ಲ, ಒತ್ತಡವೂ ಕಡಿಮೆಯಾಗುತ್ತದೆ.

ಹುಣಸೂರು ಸಮುದ್ರಮಟ್ಟದಿಂದ ಸುಮಾರು 800 ಮೀಟರ್ ಎತ್ತರದಲ್ಲಿದೆ. ಅಲ್ಲಿ ತೆರೆದ ಪಾತ್ರೆಯ ನೀರು ಸುಮಾರು 97 ಡಿಗ್ರಿ ಸೆಲ್ಸಿಯಸ್‌ಗೇ ಕುದಿಯುತ್ತದೆ. ರೇಡಿಯೇಟರಿನ ಬಿಗಿ ಮುಚ್ಚಳವು ಪ್ರೆಷರ್ ಕುಕ್ಕರಿನಂತೆ ಒತ್ತಡ ಹಿಡಿದಿಟ್ಟು ಕುದಿಬಿಂದುವನ್ನು ಏರಿಸುತ್ತದೆ. ಎಲ್ಲಾದರೂ ಸೋರಿದರೆ ಒತ್ತಡ ಇಳಿದು ನೀರು ಬೇಗ ಕುದಿಯುತ್ತದೆ. ಕಾದ ಸಿಲಿಂಡರ್ ಹೆಡ್ ಡೊಂಕಾಗಬಹುದು. ಲಾರಿಯನ್ನೇ ನಂಬಿದ ಸಂಸಾರಕ್ಕೆ ಅದು ದೊಡ್ಡ ಪೆಟ್ಟು.

ಹುಡುಕುವುದು ಹೇಗೆ? ಎಂಜಿನ್ ಪೂರ್ತಿ ತಣ್ಣಗಾಗಲಿ. ಬಿಸಿಯಿರುವಾಗ ಮುಚ್ಚಳ ತೆಗೆದರೆ ಕುದಿನೀರು ಮೈಮೇಲೆ ಚಿಮ್ಮುತ್ತದೆ. ಮೊದಲು ಹೋಸ್ ಪೈಪು, ಕ್ಲಿಪ್ಪು, ರೇಡಿಯೇಟರಿನ ಬೆಸುಗೆಗಳಲ್ಲಿ ಒಣಗಿದ ಕಲೆ ನೋಡಿ. ಸಡಿಲ ಕ್ಲಿಪ್ಪನ್ನು ಬಿಗಿ ಮಾಡಬೇಕು. ಬಿರುಕುಬಿಟ್ಟ ಹೋಸನ್ನೂ ಗಟ್ಟಿಯಾದ ಮುಚ್ಚಳದ ರಬ್ಬರನ್ನೂ ಬದಲಿಸಬೇಕು. ವಾಟರ್ ಪಂಪಿನ ಅಡಿಯ ಸಣ್ಣ ರಂಧ್ರದಿಂದ ಹನಿ ಬೀಳುತ್ತಿದ್ದರೆ ಒಳಗಿನ ಸೀಲ್ ಸವೆದಿದೆ ಎಂದರ್ಥ.

ಹೊರಗೆ ಹನಿ ಕಾಣದಿದ್ದರೂ ನೀರು ಇಳಿಯುತ್ತಿದೆಯೇ? ಆಯಿಲ್ ಅಳೆಯುವ ಕಡ್ಡಿ ತೆಗೆದು ನೋಡಿ. ಆಯಿಲ್ ಹಾಲು ಬೆರೆತ ಕಾಫಿಯಂತಿದ್ದರೆ ನೀರು ಅದರೊಳಗೆ ಸೇರಿದೆ. ಹೆಚ್ಚಾಗಿ ಕಾರಣ ಹೆಡ್ ಗ್ಯಾಸ್ಕೆಟ್. ಆಗ ಎಂಜಿನ್ ಚಾಲೂ ಮಾಡಬಾರದು; ಮೆಕ್ಯಾನಿಕ್‌ನನ್ನೇ ಕರೆಸಬೇಕು.