ತಂದೆಯಿಲ್ಲದ ವಂಶ

1990ರ ದಶಕದ ನಡುವಿನಲ್ಲಿ, ಗಾಜಿನ ತೊಟ್ಟಿಗಳಲ್ಲಿ ಮೀನು ಸಾಕುವ ಜರ್ಮನಿಯ ಹವ್ಯಾಸಿಗಳ ಕೈಗೆ ಒಂದು ವಿಚಿತ್ರ ಜೀವಿ ಬಂದಿತು. ಗೇಣಿಗಿಂತ ಚಿಕ್ಕ ಮೈ, ಇಕ್ಕಳದಂತಹ ಮುಂಗಾಲುಗಳು, ಬೆನ್ನಿನ ಚಿಪ್ಪಿನ ಮೇಲೆ ಅಮೃತಶಿಲೆಯಲ್ಲಿ ಕಾಣುವಂತಹ ಬಣ್ಣದ ಮಚ್ಚೆಗಳು. ಒಂದನ್ನು ಒಂಟಿಯಾಗಿ ತೊಟ್ಟಿಯಲ್ಲಿ ಬಿಟ್ಟರೂ ಕೆಲವು ತಿಂಗಳಲ್ಲಿ ತೊಟ್ಟಿಯ ತುಂಬ ಮರಿಗಳು! ಗಂಡೆಂಬುದು ಮಾತ್ರ ಎಲ್ಲಿಯೂ ಕಾಣದು. ಮರಿಗಳನ್ನೇನು ಮಾಡುವುದೆಂದು ತೋಚದೆ ನೆರೆಹೊರೆಗೆ ಹಂಚಿದವರು ಕೆಲವರು. ಕೆರೆಗೆ ಸುರಿದು ಬಂದವರು ಕೆಲವರು. ಅನರ್ಥವೆಲ್ಲ ಈ ಎರಡನೆಯವರಿಂದ.

ಈ ಪ್ರಾಣಿಯು ಕ್ರೇಫಿಷ್ ಎಂಬ ಕುಲಕ್ಕೆ ಸೇರಿದ್ದು. ಹೆಸರಿನಲ್ಲಿ 'ಫಿಷ್' ಇದ್ದರೂ ಮೀನಲ್ಲ. ಏಡಿ, ಸೀಗಡಿಗಳ ದಾಯಾದಿ. ನಮ್ಮ ಹೊಳೆಹಳ್ಳಗಳಲ್ಲಿ ಏಡಿಯುಂಟು, ಸೀಗಡಿಯುಂಟು, ಕ್ರೇಫಿಷ್ ಸಹಜವಾಗಿ ಇಲ್ಲ. ಅದಕ್ಕೆ ಕನ್ನಡದಲ್ಲಿ ಬಳಕೆಯ ಹೆಸರಿಲ್ಲದಿರುವುದು ಆಶ್ಚರ್ಯವಲ್ಲ. ಅಮೆರಿಕ, ಯೂರೋಪು, ಆಸ್ಟ್ರೇಲಿಯಾ, ಮಡಗಾಸ್ಕರ್‌ಗಳ ಸಿಹಿನೀರಿನಲ್ಲಿ ಇರುವ ಪ್ರಾಣಿ ಆಫ್ರಿಕ ಖಂಡದಲ್ಲಿಯೂ ಭಾರತದಲ್ಲಿಯೂ ಏಕಿರಲಿಲ್ಲ? ಡಾರ್ವಿನ್ನನ ಮಿತ್ರ ಹಕ್ಸ್‌ಲಿ 1880ರಲ್ಲಿ ಈ ಒಂದು ಪ್ರಾಣಿಯ ಮೇಲೆಯೇ ಗ್ರಂಥ ಬರೆದು, ಅದು ಎಲ್ಲೆಲ್ಲಿ ಹರಡಿದೆ ಎಂಬ ಈ ಒಗಟನ್ನೂ ಬಿಡಿಸಲು ಯತ್ನಿಸಿದನು. ಆತನಿಗಿದ್ದ ಆಧಾರ ಮುಖ್ಯವಾಗಿ ದೇಹರಚನೆ. ಇಂದಿನ ವಿಜ್ಞಾನಿಗಳಿಗೆ ಇನ್ನೊಂದು ಆಧಾರ ದೊರಕಿದೆ: ಜೀವಕೋಶದೊಳಗಿನ ಬರಹ.

ಹಳೆಯ ಕಾವ್ಯಗಳ ತಾಳೆಗರಿಗಳನ್ನು ಪರಿಷ್ಕರಿಸುವ ಪಂಡಿತರು ಮಾಡುವುದೇನು? ಒಬ್ಬ ಲಿಪಿಕಾರ ಮಾಡಿದ ತಪ್ಪನ್ನು ಅವನ ಪ್ರತಿಯಿಂದ ನಕಲು ಮಾಡಿದವರೆಲ್ಲ ಮುಂದುವರಿಸುತ್ತಾರೆ. ಒಂದೇ ತಪ್ಪಿರುವ ಎರಡು ಪ್ರತಿಗಳು ಒಂದೇ ಮಾತೃಕೆಯಿಂದ ಬಂದಿರಬೇಕು. ಜೀವಕೋಶದ ಡಿಎನ್ಎ ಎಂಬ ಎಳೆಯೂ ನಾಲ್ಕೇ ಅಕ್ಷರಗಳಲ್ಲಿ ಬರೆದ ಗ್ರಂಥ. ತಲೆಮಾರಿನಿಂದ ತಲೆಮಾರಿಗೆ ಅದು ನಕಲಾಗುವಾಗ ಅಲ್ಲೊಂದು ಇಲ್ಲೊಂದು ಅಕ್ಷರ ತಪ್ಪುತ್ತದೆ. ಯಂತ್ರಗಳು ಎಳೆಯನ್ನು ಚಿಕ್ಕ ಚಿಕ್ಕ ತುಂಡುಗಳಾಗಿ ಓದುತ್ತವೆ. ಒಂದು ತುಂಡಿನ ಕೊನೆ ಇನ್ನೊಂದರ ಮೊದಲಿಗೆ ಎಲ್ಲಿ ಹೊಂದುತ್ತದೆಂದು ನೋಡಿ ಕಂಪ್ಯೂಟರು ಜೋಡಿಸುತ್ತದೆ. ಬಳಿಕ ಪಾಠಾಂತರಗಳನ್ನು ಹೋಲಿಸಿದರೆ ವಂಶವೃಕ್ಷ ಸಿದ್ಧ. ಈ ಬಗೆಯ ಹೋಲಿಕೆಯಿಂದ ಉತ್ತರಾರ್ಧಗೋಳದ ಕ್ರೇಫಿಷ್‌ಗಳದೆಲ್ಲ ಒಂದು ಕವಲು, ದಕ್ಷಿಣದವುಗಳದು ಇನ್ನೊಂದು ಎಂದು ತಿಳಿದುಬಂದಿದೆ. ಅವು ಅಗಲಿದ್ದು 15 ಕೋಟಿ ವರ್ಷಗಳಿಗೂ ಹಿಂದೆ, ಭೂಖಂಡಗಳು ಬೇರ್ಪಡುತ್ತಿದ್ದ ಕಾಲದಲ್ಲಿ.

ಇನ್ನು ಜರ್ಮನಿಯ ಒಗಟಿಗೆ ಬರೋಣ. ಗಂಡಿನ ನೆರವಿಲ್ಲದೆ ಇದು ಸಂತಾನ ಪಡೆಯುತ್ತದೆಂದು 2003ರಲ್ಲಿ ವಿಜ್ಞಾನಿಗಳು ಪ್ರಕಟಿಸಿದರು. ಅದರ ಇಡೀ ಗ್ರಂಥವನ್ನು ಓದಿ 2018ರಲ್ಲಿ ಪ್ರಕಟಿಸಿದವರು ಹೈಡಲ್‌ಬರ್ಗಿನ ಕ್ಯಾನ್ಸರ್ ಸಂಶೋಧನಾ ಕೇಂದ್ರದ ಫ್ರಾಂಕ್ ಲೀಕೊ ಮತ್ತು ಸಂಗಡಿಗರು. ಕ್ಯಾನ್ಸರಿಗೂ ಕ್ರೇಫಿಷ್‌ಗೂ ಏನು ನಂಟು ಎಂದು ವಾಚಕರು ಕೇಳಬಹುದು. ಕ್ಯಾನ್ಸರಿನ ಗಡ್ಡೆಯೂ ಒಂದೇ ಕೋಶ ತನ್ನ ನಕಲುಗಳನ್ನು ಹೆಚ್ಚಿಸುತ್ತ ಹೋದದ್ದರ ಫಲವಲ್ಲವೆ?

ಗ್ರಂಥದಲ್ಲಿ ಸುಮಾರು 350 ಕೋಟಿ ಅಕ್ಷರಗಳು. ಮನುಷ್ಯನದಕ್ಕಿಂತ ತುಸು ಹೆಚ್ಚೇ! ಸಾಮಾನ್ಯವಾಗಿ ಪ್ರಾಣಿಗಳಲ್ಲಿ ತಾಯಿಯಿಂದ ಒಂದು, ತಂದೆಯಿಂದ ಒಂದು, ಹೀಗೆ ಎರಡು ಪ್ರತಿಗಳಿರುತ್ತವೆ. ಇದರಲ್ಲಿ ಮೂರು. ಅವುಗಳಲ್ಲಿ ಎರಡು ಹೆಚ್ಚುಕಡಮೆ ಒಂದೇ, ಮೂರನೆಯದು ಬೇರೆ. ಅಮೆರಿಕದ ಫ್ಲಾರಿಡಾ ಮತ್ತು ಜಾರ್ಜಿಯಾ ಸೀಮೆಯ ಒಂದು ಜಾತಿಯಲ್ಲಿ ದೂರದ ಬಂಧುಗಳಾದ ಒಂದು ಗಂಡು ಒಂದು ಹೆಣ್ಣು ಕೂಡಿದಾಗ, ಅರ್ಧವಾಗಬೇಕಿದ್ದ ಬೀಜಕೋಶವೊಂದು ಹಾಗಾಗದೆ ಉಳಿದು ಈ ಮಗಳು ಹುಟ್ಟಿದಳೆಂದು ವಿಜ್ಞಾನಿಗಳ ಊಹೆ. ಹಾಗಾದರೆ ತಂದೆಯಿಲ್ಲದ ವಂಶದ ಬುಡದಲ್ಲಿಯೂ ಒಬ್ಬ ತಂದೆಯಿದ್ದನೆಂದಾಯಿತು. ಜರ್ಮನಿಯ ಕೆರೆಗಳದನ್ನೂ ಮಡಗಾಸ್ಕರಿನ ಹೊಳೆಗಳದನ್ನೂ ಹೋಲಿಸಿದಾಗ ವ್ಯತ್ಯಾಸ ಅತ್ಯಲ್ಪ. ಎಲ್ಲವೂ ಆ ಒಬ್ಬ ತಾಯಿಯ ನಕಲುಗಳು.

ಮಡಗಾಸ್ಕರಿಗೆ ಅದು ಹೇಗೆ ಬಂದಿತೋ, 2007ರ ಹೊತ್ತಿಗೆ ರಾಜಧಾನಿಯ ಸಂತೆಯಲ್ಲಿಯೇ ಮಾರಾಟಕ್ಕಿತ್ತು. ಮುಂದಿನ ಹತ್ತು ವರ್ಷಗಳಲ್ಲಿ ಅದು ಹಬ್ಬಿದ ಪ್ರದೇಶ ಸುಮಾರು ನೂರು ಪಟ್ಟು ಹಿಗ್ಗಿತು. ಭತ್ತದ ಗದ್ದೆಗಳಲ್ಲಿಯೂ ಸಿಕ್ಕುವ ಈ ಪ್ರಾಣಿ ಬಡ ಸಂಸಾರಗಳಿಗೆ ಅಗ್ಗದ ಆಹಾರವಾಗಿದೆ. ದೂರದಲ್ಲಿ ಕುಳಿತು ಅದನ್ನು ಶಪಿಸುವುದು ಸುಲಭ. ಆದರೆ ಪ್ರಪಂಚದಲ್ಲಿ ಬೇರೆಲ್ಲಿಯೂ ಇಲ್ಲದ ಏಳು ಜಾತಿಯ ಕ್ರೇಫಿಷ್‌ಗಳು ಆ ದ್ವೀಪದಲ್ಲಿವೆ. ಅವು ನಿಧಾನವಾಗಿ ಬೆಳೆದು, ಹಲವು ವರ್ಷಗಳಾದ ಮೇಲೆ ಮೊಟ್ಟೆಯಿಡುವಂಥವು. ಹೊಸಬಳು ಕೆಲವೇ ತಿಂಗಳಲ್ಲಿ ತಾಯಾಗುತ್ತಾಳೆ; ಅದಕ್ಕೆ ವರನನ್ನು ಹುಡುಕಬೇಕಾಗಿಲ್ಲ. ಜೊತೆಗೆ, ಅಮೆರಿಕದ ಕ್ರೇಫಿಷ್‌ಗಳು ತಮಗೆ ಹೆಚ್ಚು ಬಾಧೆಯಿಲ್ಲದೆ ಹೊತ್ತು ತಿರುಗುವ ಒಂದು ರೋಗ 19ನೆಯ ಶತಮಾನದಿಂದ ಯೂರೋಪಿನ ತಳಿಗಳನ್ನು ಬರಿದುಮಾಡಿದೆ. 2016ರಲ್ಲಿ ಯೂರೋಪಿನ ಒಕ್ಕೂಟ ಇದನ್ನು ಸಾಕುವುದನ್ನೂ ಮಾರುವುದನ್ನೂ ನಿಷೇಧಿಸಿತು. ಆ ವೇಳೆಗೆ ಅದು ಯೂರೋಪಿನ ಹಲವು ದೇಶಗಳ ನೀರನ್ನು ಸೇರಿಯಾಗಿತ್ತು. ಒಂದು ಕೆರೆಯಲ್ಲಿ ಒಂದೇ ಒಂದು ಉಳಿದರೂ ಸಾಕು, ಮತ್ತೆ ಎಲ್ಲವೂ ಮೊದಲಿನಿಂದ.